ಹಸಿ ಮರ ಕೊಯ್ಸಿ ಒಣಗಿಸುವುದು: ತೋಟದ ಮರ ಹಾಳಾಗದೆ ಹಲಗೆಯಾಗಲು ಹಂತ ಹಂತದ ದಾರಿ

ಕಾಫಿ ಹೂ ಅರಳಿಸುವ ಹೂಮಳೆ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ಬರುತ್ತದೆ. ‘ತೋಟದ್ದೇ ಸಿಲ್ವರ್ ಓಕ್, ಕೊಯ್ಸಿ ನಾಲ್ಕು ತಿಂಗಳಾಯ್ತು, ಈಗ ನೋಡಿದ್ರೆ ಹಲಗೆ ದೋಣಿ ಥರ ಆಗಿದೆ. ಏನ್ ಮಾಡ್ಲಿ?’ ಆಗ ಮಾಡುವುದು ಏನೂ ಉಳಿದಿರುವುದಿಲ್ಲ. ಮಾಡಬೇಕಾಗಿದ್ದೆಲ್ಲ ಮರ ಬಿದ್ದ ಮೊದಲ ಮೂರು ದಿನದಲ್ಲಿ ಮತ್ತು ಹಲಗೆ ಜೋಡಿಸಿದ ಆ ಒಂದು ಮಧ್ಯಾಹ್ನ ಮಾಡಬೇಕಿತ್ತು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಮುಂದಿನ ಹಂತ ಎಷ್ಟು ಚೆನ್ನಾಗಿ ಮಾಡಿದರೂ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ಕೂಡಿಸಿಟ್ಟುಕೊಳ್ಳಬೇಕಾದ ಸಾಮಾನು

ಮರ ಕಡಿಸಿದ ಮೇಲೆ ಸಾಮಾನು ಹುಡುಕಲು ಪೇಟೆಗೆ ಹೋಗಬೇಡಿ. ದಿಮ್ಮಿಯ ತುದಿಗೆ ಬಳಿಯಲು ಒಂದು ಡಬ್ಬಿ ಬಣ್ಣ ಅಥವಾ ಮೇಣ. ಹಲಗೆ ಸಾಲುಗಳ ನಡುವೆ ಕೊಡಲು ಒಂದಿಂಚು ದಪ್ಪ, ಒಂದಿಂಚು ಅಗಲದ ಒಣಗಿದ ಪಟ್ಟಿಗಳು, ನಿಮಗೆ ಅನಿಸಿದ್ದಕ್ಕಿಂತ ಎರಡು ಪಟ್ಟು. ಅಟ್ಟಿಯ (ಒಣಗಲು ಪೇರಿಸಿದ ಹಲಗೆ ರಾಶಿಯ) ಅಡಿಗೆ ಸೈಜುಗಲ್ಲು ಅಥವಾ ಸಿಮೆಂಟ್ ಬ್ಲಾಕು. ರಸಮಟ್ಟ, ದಾರ, ಸೀಮೆಸುಣ್ಣ. ಒಂದು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ಬಸ್ಸು, ವಿಮಾನಕ್ಕೆ ಹೋಗುವಾಗ ಬ್ಯಾಗ್ ತೂಗುತ್ತಾರಲ್ಲ, ಆ ನೇತುಹಾಕುವ ತೂಕದ ಮಿಷನ್ ಒಂದು. ಇಷ್ಟೇ. ತೇವ ಅಳೆಯುವ ಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ತಕ್ಕಡಿ ಮಾತ್ರ ಇರಲೇಬೇಕು.

ಹಂತ 1: ಯಾವ ಮರ, ಯಾವ ತಿಂಗಳು

ಕಾನೂನಿನ ಮಾತು ಮೊದಲು. ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ 1976ರಲ್ಲೇ ಬಂದಿದೆ. ನಮ್ಮ ಜಮೀನು, ನಮ್ಮ ಮರ ಅನ್ನುವುದು ಅಲ್ಲಿ ಸಾಲುವುದಿಲ್ಲ. ಸಿಲ್ವರ್ ಓಕ್, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ. ಬೀಟೆ, ತೇಗ, ಹೊನ್ನೆಯಂಥ ಮರಕ್ಕೆ ಕೈ ಹಾಕುವ ಮುಂಚೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಕಡಿಯಲು ಒಂದು ಅನುಮತಿಯಾದರೆ ಲಾರಿಗೆ ಹೇರಿ ಸಾಗಿಸಲು ಇನ್ನೊಂದು ಪಾಸು ಬೇಕಾಗಬಹುದು. ಸಾಮಿಲ್ಲಿನವರೂ ಕಾಗದ ಕೇಳುತ್ತಾರೆ. ಕೇಳದಿದ್ದರೂ ನೀವು ಇಟ್ಟುಕೊಂಡಿರಿ.

ಕಾಲ ಅಂದರೆ ಡಿಸೆಂಬರ್, ಜನವರಿ. ಅರೇಬಿಕಾ ಕಾಫಿ ಕುಯಿಲು ಮುಗಿಯುತ್ತಾ ಬಂದಿರುತ್ತದೆ, ಗಾಳಿ ಒಣಗಿರುತ್ತದೆ, ಬಿಸಿಲು ಇನ್ನೂ ಚುರುಕಾಗಿರುವುದಿಲ್ಲ. ಹಸಿ ಹಲಗೆಗೆ ಬೇಕಾದದ್ದು ಇದೇ: ಮೊದಲು ನಿಧಾನ, ಆಮೇಲೆ ಜೋರು. ಜನವರಿಯಲ್ಲಿ ಅಟ್ಟಿ ಕಟ್ಟಿದರೆ ಮೊದಲ ತಿಂಗಳು ತಣ್ಣಗೆ ಕಳೆದು ಮಾರ್ಚ್, ಏಪ್ರಿಲ್ ಬಿಸಿಲಿನ ಗಾಳಿ ಉಳಿದ ಕೆಲಸ ಮಾಡುತ್ತದೆ. ಮೇ ತಿಂಗಳಲ್ಲಿ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮಾಡಿಸುವಾಗ ‘ಹೇಗೂ ಆಳು ಬಂದಿದ್ದಾರೆ, ಈ ಮರವನ್ನೂ ಉರುಳಿಸಿಬಿಡಿ’ ಅನ್ನುತ್ತಾರಲ್ಲ, ಆ ಮರವೇ ಜಾಸ್ತಿ ಹಾಳಾಗುವುದು. ಒಂದು ತಿಂಗಳೊಳಗೆ ಮಳೆ ಹಿಡಿಯುತ್ತದೆ.

ಗಾಳಿಗೆ ಬಿದ್ದ ಮರಕ್ಕೆ ಮುಹೂರ್ತ ಇಟ್ಟುಕೊಂಡು ಕೂರಲಾಗುವುದಿಲ್ಲ. ಜೂನ್‌ನಲ್ಲಿ ಬಿದ್ದರೆ ಜೂನ್‌ನಲ್ಲೇ ಕೊಯ್ಸಿ. ‘ಕುಯಿಲು ಮುಗೀಲಿ, ಆಮೇಲೆ ನೋಡೋಣ’ ಅಂತ ನಾನೇ ಒಮ್ಮೆ ಬಿಟ್ಟಿದ್ದೆ. ಫೆಬ್ರವರಿಯಲ್ಲಿ ತೊಗಟೆ ಎತ್ತಿದರೆ ಕೆಳಗೆ ಹಿಟ್ಟಿನಂಥ ಪುಡಿ, ಒಳಗೆ ಇಡೀ ದಿಮ್ಮಿಗೆ ಶಾಯಿ ಚೆಲ್ಲಿದ ಹಾಗೆ ನೀಲಿ ಗೆರೆ. ಹಂಡೆ ಒಲೆಗೆ ಚೆನ್ನಾಗಿ ಉರಿಯಿತು, ಬಿಡಿ.

ಮರಗಳ ಸ್ವಭಾವದ ಬಗ್ಗೆ ಒಂದೆರಡು ಮಾತು. ಹಲಸು ಹೊಸಬರಿಗೆ ಒಳ್ಳೆಯ ಮರ. ಅದರ ಹಳದಿ ಚೇಗು, ಅಂದರೆ ಒಳಗಿನ ಬಲಿತ ಗಟ್ಟಿ ಮರ, ಗೆದ್ದಲಿಗೆ ಬೇಗ ಬಗ್ಗುವುದಿಲ್ಲ, ಒಣಗುವಾಗಲೂ ರಗಳೆ ಕಮ್ಮಿ. ತೇಗ ಕುಗ್ಗುವುದೇ ಕಡಿಮೆ. ಸಿಲ್ವರ್ ಓಕ್ ಮಧ್ಯದ್ದು: ಸರಿಯಾಗಿ ನೋಡಿಕೊಂಡರೆ ಚೆಂದ, ಬಿಟ್ಟರೆ ಸೀಳು. ಮಾವು ಮತ್ತು ಹೆಬ್ಬೇವಿಗೆ ಬೂಸ್ಟು, ಕುಟ್ಟೆ (ಮರ ಕೊರೆದು ಹಿಟ್ಟು ಮಾಡುವ ಹುಳ) ಎರಡೂ ಬೇಗ ಹತ್ತುತ್ತವೆ. ನೀಲಗಿರಿಯನ್ನು ಮೊದಲ ಸಲಕ್ಕೆ ಮುಟ್ಟಬೇಡಿ. ನಿಂತ ಮರದೊಳಗೇ ಬಿಗಿತ ಇರುತ್ತದೆ. ಕೊಯ್ಯುತ್ತಿದ್ದಂತೆ ಹಲಗೆ ಬಿಲ್ಲಿನ ಹಾಗೆ ಬಾಗುತ್ತದೆ, ತುದಿ ಪಟ್ ಅಂತ ಸೀಳುತ್ತದೆ. ಅದು ನಿಮ್ಮ ತಪ್ಪಲ್ಲ, ಮರದ ಗುಣ.

ಹಂತ 2: ತುದಿಗೆ ಬಳಿಯುವುದು, ಅದೇ ದಿನ

ಇಡೀ ಕೆಲಸದಲ್ಲಿ ಅತಿ ಅಗ್ಗದ ಹಂತ ಇದು. ಜನ ಅತಿ ಹೆಚ್ಚು ಬಿಡುವುದೂ ಇದನ್ನೇ.

ಮರದೊಳಗೆ ನೀರು ಓಡಾಡುವುದು ಉದ್ದಕ್ಕೆ, ಸಣ್ಣ ಸಣ್ಣ ಕೊಳವೆಗಳ ಹಾಗೆ. ಅಡ್ಡ ಕತ್ತರಿಸಿದಾಗ ಆ ಕೊಳವೆಗಳ ಬಾಯಿ ತೆರೆದುಕೊಳ್ಳುತ್ತದೆ. ಆ ಬಾಯಿಂದ ನೀರು ಹೋಗುವ ವೇಗ ಹಲಗೆಯ ಮೈಯಿಂದ ಹೋಗುವುದಕ್ಕಿಂತ ಹತ್ತು ಪಟ್ಟಾದರೂ ಜಾಸ್ತಿ. ತುದಿ ಒಣಗಿ ಕುಗ್ಗುತ್ತದೆ, ಅದರ ಹಿಂದಿನ ಮರ ಇನ್ನೂ ಹಸಿಯಾಗಿ ಉಬ್ಬಿಕೊಂಡೇ ಇರುತ್ತದೆ. ಇಬ್ಬರ ಜಗ್ಗಾಟದಲ್ಲಿ ಸೀಳು ಬೀಳುತ್ತದೆ. ಬಿದ್ದ ಸೀಳು ಮತ್ತೆ ಕೂಡುವುದಿಲ್ಲ, ಒಳಕ್ಕೆ ಓಡುತ್ತದೆ.

ಅದಕ್ಕೆ ದಿಮ್ಮಿ ತುಂಡು ಮಾಡಿದ ದಿನವೇ, ಸಂಜೆ ಕಾಫಿಗೆ ಮುಂಚೆ, ಎರಡೂ ತುದಿಗೆ ಬಳಿಯಿರಿ. ಕರಗಿಸಿದ ಮೇಣ ಎಲ್ಲಕ್ಕಿಂತ ಒಳ್ಳೆಯದು. ಮೇಣಕ್ಕೆ ನೇರ ಬೆಂಕಿ ಬೇಡ, ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಿ. ಹಳೆಯ ಎಣ್ಣೆ ಬಣ್ಣ ಉಳಿದಿದ್ದರೆ ಅದೂ ಆಯಿತು. ಡಾಂಬರು ಬಣ್ಣವೂ ನಡೆಯುತ್ತದೆ, ಕೊಯ್ಯುವಾಗ ಕೈ ಮಸಿಯಾಗುತ್ತದೆ ಅಷ್ಟೆ. ಯಾವುದೇ ಇರಲಿ, ಎರಡು ಸಲ, ದಪ್ಪಗೆ. ಮರದ ಬಣ್ಣ ಕಾಣಬಾರದು. ನೀರು ಸೇರಿಸಿ ತೆಳು ಮಾಡಿದ ಗೋಡೆ ಸುಣ್ಣ ಬಳಿದು ‘ಬಳಿದಿದ್ದೆ ಸಾರ್’ ಅನ್ನುವವರಿದ್ದಾರೆ. ಅದು ಬಳಿದ ಲೆಕ್ಕವಲ್ಲ.

ಇನ್ನೊಂದು: ಬೇಕಾದ ಅಳತೆಗಿಂತ ಅರ್ಧ ಅಡಿ ಜಾಸ್ತಿ ಉದ್ದ ಇಟ್ಟೇ ದಿಮ್ಮಿ ಕತ್ತರಿಸಿ. ಆರಡಿ ಮೇಜಿಗೆ ಆರೂವರೆ ಅಡಿ ದಿಮ್ಮಿ. ಎಷ್ಟು ಬಳಿದರೂ ತುದಿಯಲ್ಲಿ ಒಂದೆರಡು ಇಂಚು ಹೋಗಿಯೇ ಹೋಗುತ್ತದೆ.

ಹಂತ 3: ಸಾಮಿಲ್ಲಿಗೆ ಹೇರುವ ಮುಂಚೆ

ದಿಮ್ಮಿಯ ಮೈ ತಡವಿ ನೋಡಿ. ಬೇಲಿ ಸಾಲಿನ ಸಿಲ್ವರ್ ಓಕ್ ಆದರೆ ಒಳಗೆ ಮುಳ್ಳುತಂತಿ, ಮೊಳೆ ಇದ್ದೇ ಇರುತ್ತದೆ ಅಂದುಕೊಳ್ಳಿ. ಇಪ್ಪತ್ತು ವರ್ಷದ ಹಿಂದೆ ಹೊಡೆದ ಮೊಳೆ ಈಗ ಮೂರಿಂಚು ಒಳಗೆ ಕೂತಿರುತ್ತದೆ, ಹೊರಗೆ ಸಣ್ಣ ಗಂಟು ಮಾತ್ರ ಕಾಣುತ್ತದೆ. ನಮ್ಮ ಒಂದು ದಿಮ್ಮಿ ಮಿಲ್ಲಿನಲ್ಲಿ ಅರ್ಧಕ್ಕೆ ಬಂದಾಗ ಕಿಡಿ ಹಾರಿ ಬ್ಲೇಡು ನಿಂತಿತು. ಬ್ಲೇಡಿನ ದುಡ್ಡು ಕೊಟ್ಟೆ, ಬೈಗುಳ ಉಚಿತ. ಆಮೇಲಿಂದ ಬೇಲಿ ಮರವಾದರೆ ನೆಲದಿಂದ ಐದಡಿ ಬಿಟ್ಟು ಮೇಲಿನದನ್ನೇ ಒಯ್ಯುತ್ತೇನೆ. ಕತ್ತರಿಸಿದ ತುದಿಯಲ್ಲಿ ಕಡುನೀಲಿ, ಕಪ್ಪು ಕಲೆ ಉದ್ದಕ್ಕೆ ಹೋಗಿದ್ದರೆ ಅಲ್ಲಿ ಕಬ್ಬಿಣ ಇರುವ ಅನುಮಾನ ಪಡಿ.

ತೊಗಟೆಗೆ ಅಂಟಿದ ಮಣ್ಣು, ಕಲ್ಲು ಕೆರೆದು ಹಾಕಿ. ಕಡಿದ ಮೇಲೆ ಒಂದು ವಾರದೊಳಗೆ ಕೊಯ್ಸಿ. ಮಿಲ್ಲಿನಲ್ಲಿ ಸರದಿ ತಡವಾದರೆ ದಿಮ್ಮಿಯನ್ನು ನೆರಳಲ್ಲಿ, ನೆಲ ಮುಟ್ಟದಂತೆ ಎರಡು ಕಂಬದ ಮೇಲೆ ಇಡಿ. ಉರುಳದಂತೆ ಎರಡೂ ಬದಿಗೆ ಕಲ್ಲು ಕೊಡಿ. ಇಳಿಜಾರಿನ ತೋಟದಲ್ಲಿ ದಿಮ್ಮಿಯ ಕೆಳಗಡೆ ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರ ಬರಲೇಬಾರದು.

ಹಂತ 4: ಕೊಯ್ಸುವುದು

ಮಿಲ್ಲಿನವರಿಗೆ ‘ಚೆನ್ನಾಗಿ ಕೊಯ್ದು ಕೊಡಿ’ ಅಂದರೆ ಸಾಲದು. ಅವರಿಗೆ ಹಲಗೆ ಎಷ್ಟು ಬಂತು ಅನ್ನುವುದು ಮುಖ್ಯ, ನಿಮಗೆ ಎಷ್ಟು ಉಳಿಯಿತು ಅನ್ನುವುದು. ಸೀಮೆಸುಣ್ಣ ಹಿಡಿದು ದಿಮ್ಮಿಯ ತುದಿಯಲ್ಲೇ ಗೆರೆ ಹಾಕಿ ಕೊಡಿ.

ಮೊದಲ ಗೆರೆ ನಡುವಿನ ತಿರುಳಿನ ಮೇಲೆ. ತಿರುಳು ಇರುವ ಹಲಗೆ ಒಡೆಯದೆ ಉಳಿಯುವುದಿಲ್ಲ. ದಿಮ್ಮಿಯನ್ನು ತಿರುಳಿಗೆ ಸರಿಯಾಗಿ ಎರಡು ಹೋಳು ಮಾಡಿಸಿ, ಇಲ್ಲವೇ ತಿರುಳು ಸೇರಿದ ನಡುವಿನ ಎರಡಿಂಚು ಪಟ್ಟಿಯನ್ನು ತೆಗೆಸಿ ಬೇರೆ ಇಡಿ. ಅದು ಬೇಲಿ ಗೂಟಕ್ಕೆ ಆದೀತು.

ಆಮೇಲೆ ಹೇಗೆ ಕೊಯ್ಸುತ್ತೀರಿ ಅನ್ನುವುದರ ಮೇಲೆ ಹಲಗೆಯ ಬುದ್ಧಿ ನಿಂತಿದೆ. ಮರ ಒಣಗುವಾಗ ವರ್ಷದ ಉಂಗುರಗಳ ಗುಂಟ ಕುಗ್ಗುವುದು, ಉಂಗುರಕ್ಕೆ ಅಡ್ಡ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಮ್ಮಿ. ಹೋಳಿನ ಮೇಲಿನಿಂದ ಸುಮ್ನೆ ಪದರ ಪದರವಾಗಿ ಕೊಯ್ದ ಹಲಗೆಯಲ್ಲಿ ಉಂಗುರಗಳು ಮಲಗಿರುತ್ತವೆ. ತೊಗಟೆ ಕಡೆಯ ಮೈ ಜಾಸ್ತಿ ಕುಗ್ಗಿ, ಹಲಗೆ ಆ ಕಡೆಗೆ ದೋಣಿಯಾಗುತ್ತದೆ. ಉಂಗುರ ನೆಟ್ಟಗೆ ನಿಲ್ಲುವ ಹಾಗೆ, ತಿರುಳಿನಿಂದ ಹೊರಕ್ಕೆ ಕೊಯ್ದ ಹಲಗೆ ನೆಟ್ಟಗೆ ಉಳಿಯುತ್ತದೆ. ಅಗಲ ಕಮ್ಮಿ ಸಿಗುತ್ತದೆ, ಮರ ಸ್ವಲ್ಪ ಹಾಳಾಗುತ್ತದೆ, ಮಿಲ್ಲಿನವರು ಗೊಣಗುತ್ತಾರೆ. ಮೇಜಿನ ಮೇಲ್ಭಾಗಕ್ಕೆ, ಬಾಗಿಲಿಗೆ ಆದರೂ ಹೀಗೇ ಕೊಯ್ಸಿ. ಸಿಲ್ವರ್ ಓಕ್‌ನಲ್ಲಿ ಇದಕ್ಕೆ ಇನ್ನೊಂದು ಲಾಭ ಇದೆ. ಹೀಗೆ ಕೊಯ್ದಾಗ ಮೈಮೇಲೆ ಜರಿ ಎಳೆದಂಥ ಮಿಂಚುವ ಚುಕ್ಕಿಗಳು ಮೂಡುತ್ತವೆ. ಹತ್ತರಿ ಹೊಡೆದು ಒಂದು ಕೈ ಪಾಲಿಶ್ ಕೊಟ್ಟರೆ ಬಂದವರು ‘ಇದು ಸಿಲ್ವರಾ?’ ಅಂತ ಎರಡು ಸಲ ಕೇಳುತ್ತಾರೆ.

ದಪ್ಪದ ಲೆಕ್ಕ: ಕೊನೆಗೆ ಒಂದಿಂಚು ಬೇಕಾದರೆ ಹಸಿಯಲ್ಲಿ ಒಂದೂಕಾಲು ಇಂಚು ಕೊಯ್ಸಿ. ಕುಗ್ಗಲು ಸ್ವಲ್ಪ, ಸೊಟ್ಟ ತೆಗೆಯಲು ಸ್ವಲ್ಪ. ಅಗಲದಲ್ಲಿ ಹತ್ತಿಂಚಿಗೆ ಅರ್ಧ ಇಂಚಿಗಿಂತ ಜಾಸ್ತಿಯೇ ಹೋಗಬಹುದು. ಒಂದೇ ಅಟ್ಟಿಗೆ ಹೋಗುವ ಹಲಗೆಗಳೆಲ್ಲ ಒಂದೇ ದಪ್ಪ ಇರಲಿ, ಕಾರಣ ಹಂತ 6ರಲ್ಲಿ ಗೊತ್ತಾಗುತ್ತದೆ.

ಎಚ್ಚರಿಕೆ: ಸಿಲ್ವರ್ ಓಕ್ ಹೊಟ್ಟು ಕೆಲವರಿಗೆ ಮೈಮೇಲೆ ತುರಿಕೆ, ಗಂಧೆ ತರುತ್ತದೆ. ಮಾಸ್ಕ್ ಹಾಕಿ, ತುಂಬುತೋಳು ಇರಲಿ. ಮನೆಗೆ ಬಂದ ಕೂಡಲೆ ಸ್ನಾನ ಮಾಡಿ.

ಹಂತ 5: ಕುಟ್ಟೆ ಮತ್ತು ಬೂಸ್ಟಿಗೆ ತಡೆ

ಕೊಯ್ದ ಹಲಗೆಯ ಮೇಲಿನ ಹಸಿ ಹೊಟ್ಟನ್ನು ಮೊದಲು ಪೊರಕೆಯಿಂದ ಗುಡಿಸಿ. ಅದನ್ನು ಹಾಗೇ ಬಿಟ್ಟರೆ ಎರಡು ಹಲಗೆ ನಡುವೆ ತೇವ ಹಿಡಿದು ಅಲ್ಲಿಂದಲೇ ಬೂಸ್ಟು ಶುರುವಾಗುತ್ತದೆ. ಅಂಚಿನ ತೊಗಟೆಯನ್ನೂ ಕಿತ್ತು ಹಾಕಿ. ಹುಳುಗಳು ಮನೆ ಮಾಡುವುದು ಅದರ ಅಡಿಯಲ್ಲೇ.

ಕುಟ್ಟೆ ಹುಳಕ್ಕೆ ಬೇಕಾದದ್ದು ಮರದ ಹೊರಗಿನ ಬಿಳಿ ಭಾಗದಲ್ಲಿರುವ ಪಿಷ್ಟ, ಅಂದರೆ ಗಂಜಿ. ಚೇಗಿನಲ್ಲಿ ಅದು ಇರುವುದಿಲ್ಲ. ಹಲಸು, ತೇಗದ ಬಿಳಿ ಭಾಗ ಕತ್ತರಿಸಿ ಬಿಟ್ಟರೆ ಔಷಧದ ಗೊಡವೆ ಬೇಡ. ಮಾವು, ಸಿಲ್ವರ್, ಹೆಬ್ಬೇವಿಗೆ ಮಾತ್ರ ಬಿಳಿಗಾರದ ನೀರು ಕೊಡಿ. ನೂರು ಲೀಟರ್ ಬೆಚ್ಚಗಿನ ನೀರಿಗೆ ಮೂರು ಕೆ.ಜಿ. ಬಿಳಿಗಾರ, ಎರಡು ಕೆ.ಜಿ. ಬೋರಿಕ್ ಪೌಡರ್. ದಪ್ಪ ಪ್ಲಾಸ್ಟಿಕ್ ಹಾಸಿ, ಇಟ್ಟಿಗೆ ಕಟ್ಟೆಯ ತೊಟ್ಟಿ ಮಾಡಿ ಒಂದು ರಾತ್ರಿ ಮುಳುಗಿಸಿಡಿ. ತೆಗೆದ ಮೇಲೆ ಒಂದರ ಮೇಲೊಂದು ಒತ್ತಾಗಿ ಪೇರಿಸಿ, ಟಾರ್ಪಾಲ್ ಮುಚ್ಚಿ ಒಂದು ವಾರ ಬಿಡಿ. ಔಷಧ ಹಸಿ ಮರದ ನೀರಿನೊಳಗೇ ನಿಧಾನವಾಗಿ ಒಳಕ್ಕೆ ಇಳಿಯುತ್ತದೆ. ಒಣಗಿದ ಹಲಗೆಗೆ ಮೇಲೆ ಬಳಿದರೆ ಅದು ಚರ್ಮದಲ್ಲೇ ನಿಲ್ಲುತ್ತದೆ. ‘ಫರ್ನಿಚರ್ ಮಾಡಿದ ಮೇಲೆ ಹೊಡೆಸ್ತೀನಿ’ ಅನ್ನುವುದು ತಡವಾದ ಮಾತು.

ಒಂದು ವಾರಕ್ಕಿಂತ ಜಾಸ್ತಿ ಮುಚ್ಚಿಡಬೇಡಿ, ಬಿಸಿ ತೇವಕ್ಕೆ ಬೂಸ್ಟು ಬರುತ್ತದೆ. ಈ ಮದ್ದು ಮಳೆಗೆ ತೊಳೆದು ಹೋಗುವಂಥದ್ದು, ಹೊರಗೆ ಇಡುವ ಬೆಂಚಿಗೆ ನಂಬಬೇಡಿ. ಕೈಗವಸು ಹಾಕಿ. ತೊಟ್ಟಿಯ ನೀರಿಗೆ ದನ, ನಾಯಿ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ. ಉಳಿದ ನೀರನ್ನು ಹಳ್ಳಕ್ಕೆ ಬಿಡಬೇಡಿ, ಕಾಫಿ ಬುಡಕ್ಕೂ ಹಾಕಬೇಡಿ. ಇದರಲ್ಲಿರುವ ಬೋರಾನ್ ಜಾಸ್ತಿಯಾದರೆ ಗಿಡ ಸುಟ್ಟುಹೋಗುತ್ತದೆ. ಮುಂದಿನ ಹಲಗೆಗೆ ಡ್ರಮ್ಮಿನಲ್ಲಿ ಎತ್ತಿಡಿ.

ಹಂತ 6: ಅಟ್ಟಿ ಕಟ್ಟುವುದು

ಇಲ್ಲಿ ಆತುರ ಮಾಡಬೇಡಿ. ಹಲಗೆ ಒಣಗುವಾಗ ಯಾವ ಆಕಾರದಲ್ಲಿ ಇರುತ್ತದೋ ಅದೇ ಆಕಾರಕ್ಕೆ ಗಟ್ಟಿಯಾಗುತ್ತದೆ. ಗೋಡೆಗೆ ಒರಗಿಸಿಟ್ಟರೆ ಒರಗಿದ ಆಕಾರವೇ ಅದಕ್ಕೆ ಖಾಯಂ.

ನೆಲದಿಂದ ಒಂದೂವರೆ ಅಡಿ ಮೇಲೆ ಶುರು ಮಾಡಿ. ಸೈಜುಗಲ್ಲುಗಳನ್ನು ಸಾಲಾಗಿ ಇಟ್ಟು, ಅವುಗಳ ಮೇಲೆ ದಪ್ಪ ತೊಲೆ ಅಡ್ಡ ಹಾಕಿ. ಎಲ್ಲ ತೊಲೆಗಳ ತಲೆಯೂ ಒಂದೇ ಮಟ್ಟದಲ್ಲಿರಬೇಕು. ರಸಮಟ್ಟ ಇಟ್ಟು ನೋಡಿ, ಆಮೇಲೆ ಈ ತುದಿಯಿಂದ ಆ ತುದಿಗೆ ದಾರ ಎಳೆದು ಇನ್ನೊಮ್ಮೆ ನೋಡಿ. ಅಡಿಪಾಯದಲ್ಲಿ ಕಾಲಿಂಚು ತಿರುಚಿದ್ದರೆ ಮೇಲಿನ ಮೂವತ್ತು ಹಲಗೆಯೂ ಅದೇ ತಿರುಚು ಕಲಿಯುತ್ತವೆ.

ಹಲಗೆಯ ಒಂದು ಸಾಲು ಹಾಸಿ. ಹಲಗೆ ಹಲಗೆಗೆ ಬೆರಳು ತೂರುವಷ್ಟು ಸಂದು ಬಿಡಿ. ಅದರ ಮೇಲೆ ಅಡ್ಡಕ್ಕೆ ಪಟ್ಟಿಗಳು, ಒಂದೂವರೆ ಅಡಿಗೆ ಒಂದರಂತೆ. ಮೊದಲ ಮತ್ತು ಕೊನೆಯ ಪಟ್ಟಿ ಹಲಗೆಯ ತುದಿಗೇ ಬರಬೇಕು. ಅದರ ಮೇಲೆ ಎರಡನೇ ಸಾಲು ಹಲಗೆ, ಮತ್ತೆ ಪಟ್ಟಿ. ಈಗ ಮುಖ್ಯವಾದದ್ದು: ಪ್ರತಿ ಪಟ್ಟಿಯೂ ಕೆಳಗಿನ ಪಟ್ಟಿಯ ನೆತ್ತಿಯ ಮೇಲೇ ಕೂರಬೇಕು. ಬದಿಯಿಂದ ನೋಡಿದರೆ ಪಟ್ಟಿಗಳ ತಲೆ ಕಂಬದ ಹಾಗೆ ನೇರ ಸಾಲು ಕಾಣಬೇಕು, ಆ ಕಂಬದ ಬುಡದಲ್ಲಿ ತೊಲೆ ಇರಬೇಕು. ಆಗ ಭಾರವೆಲ್ಲ ನೇರ ನೆಲಕ್ಕೆ ಇಳಿಯುತ್ತದೆ. ಪಟ್ಟಿ ನಾಲ್ಕಿಂಚು ಆಚೀಚೆ ಆದರೆ ನಡುವಿನ ಹಲಗೆ ಬಗ್ಗುತ್ತದೆ. ಹಲಗೆ ಒಂದು ದಪ್ಪ, ಒಂದು ತೆಳು ಇದ್ದರೆ ತೆಳುವಿನ ಮೇಲೆ ಪಟ್ಟಿಯ ಹಿಡಿತವೇ ಇರುವುದಿಲ್ಲ, ಅದು ತನಗೆ ಬೇಕಾದ ಹಾಗೆ ಸೊಟ್ಟ ತಿರುಗುತ್ತದೆ.

ಹಸಿ ಮರದಿಂದಲೇ ಪಟ್ಟಿ ಸೀಳಿಸಿಕೊಳ್ಳುವವರು ಜಾಸ್ತಿ. ಬೇಡ. ಹಸಿ ಪಟ್ಟಿ ಕೂತ ಕಡೆ ಹಲಗೆಗೆ ಅಡ್ಡ ಕಲೆ ಬೀಳುತ್ತದೆ. ಹತ್ತರಿ ಹೊಡೆದರೂ ಹೋಗುವುದಿಲ್ಲ, ಕಾಲಿಂಚು ಒಳಗೆ ಇಳಿದಿರುತ್ತದೆ. ಹಳೆ ಮನೆಯ ಹೆಂಚು ರೀಪು ಸಿಕ್ಕರೆ ಬಿಡಬೇಡಿ. ಮೊಳೆ ಕಿತ್ತು ಒಂದೇ ಅಳತೆಗೆ ಸೀಳಿಸಿ.

ಅಟ್ಟಿಯ ಅಗಲ ನಾಲ್ಕಡಿ ದಾಟದಿರಲಿ. ದಾಟಿದರೆ ನಡುವಿನ ಹಲಗೆಗಳಿಗೆ ಗಾಳಿ ಮುಟ್ಟುವುದಿಲ್ಲ. ತುದಿಯ ಬಣ್ಣ ಕೊಯ್ಯುವಾಗ ಕೆತ್ತಿ ಹೋಗಿದ್ದರೆ ಇನ್ನೊಂದು ಕೈ ಬಳಿಯಿರಿ. ಕೊನೆಗೆ ನೆತ್ತಿಯ ಮೇಲೆ ಭಾರ. ಚದರ ಅಡಿಗೆ 20 ಕೆ.ಜಿ.ಗಿಂತ ಕಮ್ಮಿ ಇಡಬೇಡಿ. ಪಟ್ಟಿಗಳ ಸಾಲಿನ ಮೇಲೆಯೇ ಕಲ್ಲು ಬರುವ ಹಾಗೆ ಇಡಿ. ಮೇಲಿನ ಎರಡು ಸಾಲಿಗೆ ಎರಡನೇ ದರ್ಜೆಯ ಹಲಗೆ ಹಾಕುವುದು ಜಾಣತನ, ಬಿಸಿಲು ಗಾಳಿಯ ಪೆಟ್ಟು ಮೊದಲು ತಿನ್ನುವುದು ಅವೇ.

ಹಂತ 7: ಮಲೆನಾಡಿಗೆ ಒಂದು ರೀತಿ, ಬಯಲುಸೀಮೆಗೆ ಇನ್ನೊಂದು

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗೆ ಇದೊಂದು ತಮಾಷೆ ಇದೆ. ಸಕಲೇಶಪುರದ ಹಲಗೆ ಬೂಸ್ಟು ಹಿಡಿದು ಹಾಳಾಗುತ್ತದೆ, ಅರಸೀಕೆರೆಯ ಹಲಗೆ ಬಿರಿದು ಹಾಳಾಗುತ್ತದೆ. ಮೂಡಿಗೆರೆ, ಕಡೂರಿನ ಕಥೆಯೂ ಅದೇ. ಕಡೂರಿನ ನಮ್ಮ ಭಾವ ನನ್ನ ಅಟ್ಟಿ ನೋಡಿ ಹೋಗಿ ಹಾಗೇ ಕಟ್ಟಿದರು. ನಾನು ಗಾಳಿಗೆ ಮೈಯೊಡ್ಡಿ ಕಟ್ಟಿದ್ದೆ, ಅವರೂ ಒಡ್ಡಿದರು. ಹದಿನೈದೇ ದಿನಕ್ಕೆ ಫೋನು: ‘ಏನಪ್ಪಾ, ನಿನ್ನ ಮಾತು ಕೇಳಿ ಹಲಗೆಯೆಲ್ಲ ಗೆರೆ ಗೆರೆ ಬಿಟ್ಟಿದೆ!’ ತಪ್ಪು ನನ್ನದೇ. ಊರು ಕೇಳದೆ ಉಪದೇಶ ಮಾಡಿದ್ದೆ.

ಮಲೆನಾಡಿನ ಕಡೆ ಗಾಳಿ ಜಾಸ್ತಿ ಬೇಕು. ಹಲಗೆಯ ಉದ್ದ ಉತ್ತರ-ದಕ್ಷಿಣಕ್ಕೆ ಬರುವಂತೆ ಕಟ್ಟಿ. ಆಗ ಪಟ್ಟಿಗಳ ನಡುವಿನ ಸಂದು ಪೂರ್ವ-ಪಶ್ಚಿಮಕ್ಕೆ ತೆರೆದಿರುತ್ತದೆ, ಚಳಿಗಾಲದ ಮೂಡಣ ಗಾಳಿ ನೇರ ಹಾಯುತ್ತದೆ. ಮಳೆ ಬರುವುದು ಪಡುವಣದಿಂದ, ಅದಕ್ಕೆ ಆ ಕಡೆಯ ಮಾಡು ಮೂರಡಿಯಾದರೂ ಮುಂದೆ ಚಾಚಿರಲಿ. ಜೂನ್ ಬಂತೆಂದು ಟಾರ್ಪಾಲನ್ನು ಅಟ್ಟಿಗೆ ಸುತ್ತಿ ಕಟ್ಟುವುದು ಅತಿ ದೊಡ್ಡ ತಪ್ಪು. ಒಳಗೆ ಬೆವರಿ ಎಲ್ಲ ಹಲಗೆಗೂ ಬೂಸ್ಟು ಬರುತ್ತದೆ. ತಲೆಗೆ ಮಾತ್ರ ಮುಚ್ಚಿ, ಪಕ್ಕ ತೆರೆದಿಡಿ.

ಬಯಲುಸೀಮೆಯ ಕಡೆ ಗಾಳಿ ತಡೆಯಬೇಕು. ಮೊದಲ ಒಂದೂವರೆ ತಿಂಗಳು ನರ್ಸರಿಯವರು ಕಟ್ಟುವ ಹಸಿರು ನೆರಳು ಬಲೆಯನ್ನು ಸುತ್ತ ಇಳಿಬಿಡಿ. ಪಟ್ಟಿಯ ದಪ್ಪ ಮುಕ್ಕಾಲು ಇಂಚಿಗೆ ಇಳಿಸಿದರೂ ಆಯಿತು. ಹಲಗೆ ಅರ್ಧ ಒಣಗಿದ ಮೇಲೆ ಬಲೆ ತೆಗೆಯಿರಿ.

ಎರಡೂ ಕಡೆಗೆ ಒಂದೇ ನಿಯಮ: ಕಾಫಿ ಕಣದಲ್ಲಿ ಬಿಸಿಲಿಗೆ ಹರಡಬೇಡಿ. ಕಣ ಖಾಲಿ ಇದೆ, ಬಿಸಿಲು ಚೆನ್ನಾಗಿದೆ, ಎರಡೇ ವಾರ ಸಾಕು ಅನ್ನಿಸುತ್ತದೆ. ಮೇಲಿನ ಮೈ ಒಣಗಿ ಬಿಗಿಯುತ್ತದೆ, ಒಳಗೆ ನೀರು ಹಾಗೇ ಇರುತ್ತದೆ. ಮೈಯೆಲ್ಲ ಕೂದಲೆಳೆ ಬಿರುಕು. ಇನ್ನೂ ಕೆಟ್ಟದ್ದು ಅಂದರೆ ಹೊರಗೆ ಏನೂ ಕಾಣದೆ ಒಳಗೇ ಸೀಳಿರುವುದು. ಅದು ಗೊತ್ತಾಗುವುದು ಬಡಗಿ ತೂತು ಕೊರೆದಾಗ.

ಹಂತ 8: ತಿಂಗಳು ಎಣಿಸಬೇಡಿ, ತೂಕ ನೋಡಿ

‘ಇಂಚಿಗೆ ಒಂದು ವರ್ಷ’ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಚಳಿ ದೇಶದ ಲೆಕ್ಕ. ನಮ್ಮ ಮೂಡಿಗೆರೆ ಕಡೆಯ ಶೆಡ್ಡಿನಲ್ಲಿ ಜನವರಿಯಲ್ಲಿ ಕಟ್ಟಿದ ಒಂದೂಕಾಲು ಇಂಚಿನ ಸಿಲ್ವರ್ ಓಕ್ ಮೇ ಮೊದಲ ವಾರಕ್ಕೆ ತಯಾರಾಗಿದೆ. ಎರಡೂವರೆ ಇಂಚಿನದ್ದು ಒಂದು ಮಳೆಗಾಲ ದಾಟಿ ಮುಂದಿನ ಬೇಸಿಗೆಗೂ ಕಾದಿದೆ. ದಪ್ಪ ಎರಡು ಪಟ್ಟಾದರೆ ಕಾಲ ಎರಡು ಪಟ್ಟಿಗಿಂತ ಜಾಸ್ತಿ ಬೇಕು.

ಅಟ್ಟಿ ಕಟ್ಟುವ ದಿನವೇ ಒಂದು ಹಲಗೆಯ ನಡುಭಾಗದಿಂದ ಎರಡೂವರೆ ಅಡಿ ಉದ್ದದ ತುಂಡು ತೆಗೆಯಿರಿ. ಗಂಟು ಇರಬಾರದು. ಅದರ ಪಕ್ಕದಲ್ಲೇ ಒಂದಿಂಚಿನ ಚೂರು ಕತ್ತರಿಸಿ, ಕೂಡಲೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 160 ಗ್ರಾಂ ಬಂತು ಅನ್ನಿ. ಈ ಚೂರನ್ನು ಕೇಕ್ ಮಾಡುವ ಒಟಿಜಿಯಲ್ಲಿ ನೂರು ನೂರೈದು ಡಿಗ್ರಿಗೆ ಇಡಿ. ಆಗಾಗ ತೆಗೆದು ತೂಗಿ. ತೂಕ ಇಳಿಯುವುದು ನಿಂತಾಗ, ಸುಮಾರು ಒಂದು ದಿನಕ್ಕೆ, 100 ಗ್ರಾಂ ಉಳಿಯಿತು ಅನ್ನಿ. ಹೋದ ನೀರು 60 ಗ್ರಾಂ, ಒಣ ಮರ 100 ಗ್ರಾಂ. ಅಂದರೆ ತೇವ 60 ಶೇಕಡ. ಈ ಲೆಕ್ಕ ಯಾವಾಗಲೂ ಒಣ ತೂಕದ ಮೇಲೆ ಹಾಕುವುದು. ಅದಕ್ಕೇ ಕೆಲವು ಹಸಿ ಮರಕ್ಕೆ ನೂರು ದಾಟಿದರೂ ಗಾಬರಿ ಬೇಡ.

ಈಗ ದೊಡ್ಡ ತುಂಡಿನ ಎರಡೂ ತುದಿಗೆ ಮೇಣ ಬಳಿದು ನೇತುಹಾಕಿ ತೂಗಿ. 4.8 ಕೆ.ಜಿ. ಬಂದರೆ 1.6ರಿಂದ ಭಾಗಿಸಿ. 3 ಕೆ.ಜಿ. ಅದರ ಒಣ ತೂಕ. ನಿಮಗೆ ಬೇಕಾದದ್ದು 12 ಶೇಕಡ ತೇವ. 3 ಕೆ.ಜಿ.ಯನ್ನು 1.12ರಿಂದ ಗುಣಿಸಿದರೆ 3.36. ಅಂದರೆ ಆ ತುಂಡು 3 ಕೆ.ಜಿ. 360 ಗ್ರಾಂಗೆ ಇಳಿದ ದಿನ ಅಟ್ಟಿ ತಯಾರು. ತುಂಡಿನ ಮೇಲೆ ಈ ಅಂಕಿಯನ್ನು ಪೆನ್ಸಿಲ್ಲಿನಲ್ಲಿ ಬರೆದು, ಅಟ್ಟಿಯ ನಡುವೆ ಎಳೆದು ತೆಗೆಯಲು ಬರುವಂತೆ ಇಡಿ. ವಾರಕ್ಕೊಮ್ಮೆ, ಪ್ರತಿ ಸಲ ಅದೇ ದಿನ, ತೂಗಿ ಬರೆಯಿರಿ.

ಮೊದಲು ತೂಕ ಭರಭರ ಇಳಿಯುತ್ತದೆ, ಆದರೂ ಹಲಗೆ ಒಟ್ಟಾರೆ ಕುಗ್ಗಿದಂತೆ ಕಾಣುವುದಿಲ್ಲ. ತೇವ 30 ಶೇಕಡದ ಹತ್ತಿರ ಬರುವ ತನಕ ಹೋಗುವುದು ಮರದ ಟೊಳ್ಳಿನಲ್ಲಿ ನಿಂತ ನೀರು. ಅದರ ಕೆಳಗೆ ಮರದ ನಾರೇ ಹಿಡಿದುಕೊಂಡ ನೀರು ಹೋಗುತ್ತದೆ, ಆಗ ಕುಗ್ಗು ಶುರು. ಜನ ಅಟ್ಟಿ ಬಿಚ್ಚುವುದೂ ಆಗಲೇ. ‘ಎರಡು ತಿಂಗಳು ನೆಟ್ಟಗೇ ಇತ್ತು, ಹೊರಗೆ ತೆಗೆದ ಮೇಲೆ ಸೊಟ್ಟ ಆಯ್ತು’ ಅನ್ನುವ ದೂರಿನ ಗುಟ್ಟು ಇದು.

ಮೀಟರ್ ಇದ್ದರೆ ಹಲಗೆಯ ಮೇಲ್ಮೈಗೆ ಚುಚ್ಚಿ ನಂಬಬೇಡಿ. ಒಂದು ಹಲಗೆಯನ್ನು ನಡುವೆ ಕತ್ತರಿಸಿ, ಹೊಸದಾಗಿ ತೆರೆದ ಮೈಗೆ ಚುಚ್ಚಿ. 30ಕ್ಕಿಂತ ಮೇಲಿನ ಅಂಕಿಗೆ ಬೆಲೆ ಇಲ್ಲ.

ಹಂತ 9: ಕೆಟ್ಟ ಲಕ್ಷಣ ಕಂಡರೆ

ತುದಿಯಲ್ಲಿ ಬಿರುಕು ಶುರುವಾದರೆ ಸೀಳಿನ ಕೊನೆಯಿಂದ ಒಂದಿಂಚು ಒಳಗೆ ಕತ್ತರಿಸಿ ಮತ್ತೆ ಬಳಿಯಿರಿ. ಮೈಮೇಲೆ ಕೂದಲೆಳೆ ಬಿರುಕು ಕಂಡರೆ ಗಾಳಿ ಜಾಸ್ತಿಯಾಗಿದೆ, ಅದೇ ದಿನ ಬಲೆ ಇಳಿಬಿಡಿ. ಬಿಳಿ, ಹಸಿರು ಬೂಸ್ಟು ಕಂಡರೆ ಗಾಳಿ ಸಾಲದು. ಒರೆಸಿ ತೆಗೆದು, ಸಂದು ದೊಡ್ಡದು ಮಾಡಿ. ನೀಲಿ ಕಲೆ ಒಳಗಿಳಿದಿದ್ದರೆ ಹೋಗುವುದಿಲ್ಲ, ಆದರೆ ಮರದ ಶಕ್ತಿಗೆ ಅಷ್ಟೇನೂ ಧಕ್ಕೆ ಇಲ್ಲ, ಕಪಾಟಿನ ಒಳಗೆ ಹಾಕಿ.

ಹಲಗೆಯ ಕೆಳಗೆ ನುಣ್ಣನೆ ಹಿಟ್ಟಿನ ಗುಪ್ಪೆ ಕಂಡರೆ ಕುಟ್ಟೆ. ಆ ಹಲಗೆಯನ್ನು ಆ ಕ್ಷಣವೇ ಹೊರಗೆಳೆದು ದೂರ ಇಡಿ, ಮನೆಯೊಳಗಂತೂ ತರಬೇಡಿ. ಕಲ್ಲಿನ ಮೇಲೆ ಮಣ್ಣಿನ ಗೆರೆ ಏರಿದ್ದರೆ ಗೆದ್ದಲು. ಅದಕ್ಕೇ ವಾರಕ್ಕೊಮ್ಮೆ ಬಗ್ಗಿ ಅಡಿ ನೋಡಿ. ಅಟ್ಟಿಯ ಕೆಳಗೆ ಚಕ್ಕೆ, ಹೊಟ್ಟು, ಎಲೆ ಏನೂ ಬಿದ್ದಿರಬಾರದು.

ಹಂತ 10: ಮನೆಯೊಳಗೆ ತರುವುದು

ಮರ ಒಮ್ಮೆ ಒಣಗಿದರೆ ಮುಗಿಯಿತು ಅಲ್ಲ. ಗಾಳಿಯ ತೇವಕ್ಕೆ ತಕ್ಕ ಹಾಗೆ ಅದು ನೀರು ಕುಡಿಯುತ್ತದೆ, ಬಿಡುತ್ತದೆ. ಗಾಳಿಯ ತೇವ 65 ಶೇಕಡ ಇರುವಾಗ ಮರ ಸುಮಾರು 12ಕ್ಕೆ ನಿಲ್ಲುತ್ತದೆ. ಜುಲೈನಲ್ಲಿ ನಮ್ಮ ಕಡೆ ಗಾಳಿ 90 ಮುಟ್ಟಿದಾಗ 20ರ ಹತ್ತಿರಕ್ಕೆ ಏರುತ್ತದೆ. ಮೇ ತಿಂಗಳಲ್ಲಿ ತಯಾರಾದ ಅಟ್ಟಿಯನ್ನು ತೆರೆದ ಶೆಡ್ಡಿನಲ್ಲೇ ಬಿಟ್ಟು ದೀಪಾವಳಿಗೆ ಬಡಗಿಯನ್ನು ಕರೆದರೆ, ಆಗ ಇರುವುದು ಮೇ ತಿಂಗಳ ಮರವಲ್ಲ. ಮಳೆಗೆ ಮುಂಚೆ ಒಳಕೋಣೆಗೆ ಸಾಗಿಸಿ, ಅಲ್ಲೂ ಪಟ್ಟಿ ಕೊಟ್ಟೇ ಪೇರಿಸಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಒಂದು ತುದಿಗೆ ಮಾತ್ರ ಬಿಸಿ ತಗಲುತ್ತದೆ. ಸಣ್ಣ ತುಂಡುಗಳಿಗೆ ಸರಿ, ಉದ್ದ ಹಲಗೆಗೆ ಬೇಡ.

ಕೆಲಸಕ್ಕೆ ಮುಂಚೆ ಹಲಗೆಗಳನ್ನು ಮೇಜು ನಿಲ್ಲುವ ಕೋಣೆಯಲ್ಲೇ ಎರಡು ಮೂರು ವಾರ ಇಡಿ. ಎರಡೂ ಮೈಯಿಂದ ಸಮಸಮ ಹತ್ತರಿ ಹೊಡೆಸಿ. ಒಂದೇ ಬದಿಯಿಂದ ಕಾಲಿಂಚು ತೆಗೆದರೆ ಮರುದಿನ ಅದು ಬಾಗಿರುತ್ತದೆ. ಸಾಧ್ಯವಾದರೆ ಮೊದಲ ದಿನ ಒರಟಾಗಿ ಹೊಡೆಸಿ, ಒಂದು ವಾರ ಬಿಟ್ಟು ಅಳತೆಗೆ ತನ್ನಿ.

ಮೇಜಿನ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಅಂಟು ಹಾಕಿ ಬಿಗಿಯಬೇಡಿ. ನನ್ನ ಮೊದಲ ಊಟದ ಮೇಜಿಗೆ ಹನ್ನೆರಡು ಸ್ಕ್ರೂ ಬಿಗಿದಿದ್ದೆ. ಎರಡನೇ ಬೇಸಿಗೆಗೆ, ಯಾರೂ ಮುಟ್ಟದೆ, ಮಧ್ಯಾಹ್ನ ಢಬ್ ಅಂತ ನಡುವೆ ಬಿಟ್ಟುಕೊಂಡಿತು. ಅಮ್ಮ ಬೆಕ್ಕನ್ನು ಬೈದರು. ಈಗ ಸ್ಕ್ರೂ ತೂತನ್ನು ಹಲಗೆಯ ಅಗಲದ ಕಡೆಗೆ ಅರ್ಧ ಇಂಚು ಉದ್ದ ಕೊರೆಸಿ, ಅಗಲ ವಾಷರ್ ಹಾಕಿ, ಕೈಬಿಗಿಯಷ್ಟೇ ತಿರುಗಿಸುತ್ತೇನೆ. ಬೇಸಿಗೆಯಲ್ಲಿ ಮೇಜಿನ ಅಂಚು ಚೌಕಟ್ಟಿನಿಂದ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಒಳಗೆ ಸರಿಯುತ್ತದೆ, ಮಳೆಗಾಲದಲ್ಲಿ ಮತ್ತೆ ಹೊರಗೆ ಬರುತ್ತದೆ.